ಚೈನ್ ಸಾ ಬೇಗ ಕೊಯ್ಯಬೇಕಾದರೆ: ಹಲ್ಲು, ರೇಕರ್ ಮತ್ತು ಕೈಯ ಭಾರದ ಲೆಕ್ಕ

ಹೋದ ವರ್ಷ ಮೇ ತಿಂಗಳ ಅಡ್ಡಮಳೆಯ ಗಾಳಿಗೆ ಹಾನಗಲ್ ಕಡೆ ನಮ್ಮ ಹೊಲದ ಬದುವಿನಲ್ಲಿದ್ದ ಹುಣಸೆ ಮರ ಬಿತ್ತು. ಬಿದ್ದದ್ದು ದಾರಿಗೆ ಅಡ್ಡವಾಗಿ. ಟ್ರ್ಯಾಕ್ಟರ್ ಹೋಗುವಂತಿಲ್ಲ, ಚಕ್ಕಡಿಯೂ ಹೋಗುವಂತಿಲ್ಲ. ಬಿತ್ತನೆ ಹತ್ತಿರ ಬಂದಿತ್ತು. ಮನೆಯ ಚೈನ್ ಸಾ ತಂದು ಕೊಯ್ಯಲು ನಿಂತೆ. ದಿಮ್ಮಿಯ ಕಾಲು ಭಾಗ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಹೊಗೆ ಎದ್ದಿತು. ಪಕ್ಕದ ಹೊಲದ ಕಾಕಾ ನೋಡುತ್ತ ನಿಂತಿದ್ದರು. "ಇನ್ನಷ್ಟ ಒತ್ತೋ ತಮ್ಮಾ, ಊಟದ ಹೊತ್ತಾತು" ಅಂದರು. ಒತ್ತಿದೆ. ಮಷಿನ್ ಸದ್ದು ಕುಗ್ಗಿತು, ಹೊಗೆ ಜಾಸ್ತಿಯಾಯಿತು, ಗರಗಸ ಮಾತ್ರ ಇದ್ದಲ್ಲೇ ಇತ್ತು. ಕೊಯ್ದ ಸೀಳಿನಿಂದ ಬೀಳುತ್ತಿದ್ದದ್ದು ಗಿರಣಿಯ ಹಿಟ್ಟಿನಂಥ ಪುಡಿ.

ಆ ಪುಡಿಯಲ್ಲೇ ಉತ್ತರ ಇತ್ತು. ಹರಿತವಾದ ಚೈನ್ ಪುಡಿ ಉದುರಿಸುವುದಿಲ್ಲ, ಚಕ್ಕೆ ಎಸೆಯುತ್ತದೆ. ಆ ದಿನ ನನಗೆ ಅದು ಗೊತ್ತಿರಲಿಲ್ಲ. ಆಮೇಲೆ ಒಂದು ವರ್ಷ ಈ ಚೈನಿನ ಹಿಂದೆ ಬಿದ್ದು, ಕೆಡಿಸಿ, ಸರಿಮಾಡಿ ಕಲಿತದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆ ಈಗ ಊರಿಗೆ ನಾಲ್ಕೈದು ಮಷಿನ್ ಇವೆ. ಬಹಳಷ್ಟು ಜನ ನನ್ನ ಹಾಗೆಯೇ ತೋಳಿನ ಬಲದಿಂದ ಕೊಯ್ಯುತ್ತಿದ್ದಾರೆ.

ಮೊದಲು ಒಂದು ಸಣ್ಣ ಲೆಕ್ಕ. ಗರಗಸ ಎಷ್ಟು ಬೇಗ ಕೊಯ್ಯುತ್ತದೆ ಎನ್ನುವುದು ಎರಡೇ ಸಂಗತಿಗಳ ಗುಣಾಕಾರ. ಒಂದು, ಸೆಕೆಂಡಿಗೆ ಎಷ್ಟು ಹಲ್ಲು ಕಟ್ಟಿಗೆಯ ಮೇಲೆ ಹಾದುಹೋಗುತ್ತವೆ. ಇನ್ನೊಂದು, ಪ್ರತಿ ಹಲ್ಲು ಎಷ್ಟು ದಪ್ಪದ ಚಕ್ಕೆ ಎಬ್ಬಿಸುತ್ತದೆ. ಹರಿತ, ಒತ್ತಡ, ಎಣ್ಣೆ, ಬಾರ್ (ಚೈನ್ ಸುತ್ತಿಕೊಂಡು ಓಡುವ ಉದ್ದನೆಯ ಉಕ್ಕಿನ ಪಟ್ಟಿ) ಎಂದು ನಾವು ಮಾತಾಡುವುದೆಲ್ಲ ಕೊನೆಗೆ ಬಂದು ಈ ಎರಡರಲ್ಲಿ ಒಂದಕ್ಕೆ ಸೇರುತ್ತದೆ.

ಹಲ್ಲಿನ ಎಣಿಕೆ ಹೀಗೆ. 0.325 ಇಂಚಿನ ಪಿಚ್ ಇರುವ ಚೈನ್ ತೆಗೆದುಕೊಳ್ಳಿ. ಪಿಚ್ ಅಂದರೆ ಚೈನಿನ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ. ಚೈನನ್ನು ಓಡಿಸುವ ಹಲ್ಲುಗಾಲಿಗೆ ಸ್ಪ್ರಾಕೆಟ್ ಎನ್ನುತ್ತಾರೆ, ಅದರ ಒಂದು ಹಲ್ಲು ಚೈನನ್ನು ಎರಡು ಪಿಚ್‌ನಷ್ಟು ಎಳೆಯುತ್ತದೆ. ಸ್ಪ್ರಾಕೆಟ್‌ಗೆ 7 ಹಲ್ಲು ಇದ್ದರೆ ಅದು ಒಂದು ಸುತ್ತು ತಿರುಗುವಾಗ ಚೈನ್ ಸುಮಾರು 115 ಮಿಲಿಮೀಟರ್ ಮುಂದೆ ಹೋಗುತ್ತದೆ. ಎಂಜಿನ್ ನಿಮಿಷಕ್ಕೆ 9000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 150 ಸುತ್ತು. ಅಂದರೆ ಚೈನ್ ಸೆಕೆಂಡಿಗೆ 17 ಮೀಟರ್ ಓಡುತ್ತಿದೆ, ಗಂಟೆಗೆ 62 ಕಿಲೋಮೀಟರ್ ವೇಗ. ಸಾಮಾನ್ಯ ಚೈನಿನಲ್ಲಿ ಎರಡು ಡ್ರೈವ್ ಲಿಂಕಿಗೆ (ಸ್ಪ್ರಾಕೆಟ್ ಹಿಡಿದು ಎಳೆಯುವ ಕೊಂಡಿ) ಕೊಯ್ಯುವ ಹಲ್ಲು ಒಂದು. ಹಾಗಾಗಿ ಒಂದು ಜಾಗದ ಮೇಲೆ ಸೆಕೆಂಡಿಗೆ 525 ಹಲ್ಲು ಹಾದುಹೋಗುತ್ತವೆ. ಒತ್ತಿ ಒತ್ತಿ ಎಂಜಿನ್ನನ್ನು 6000ಕ್ಕೆ ಇಳಿಸಿದರೆ ಆ 525 ಹೋಗಿ 350 ಆಗುತ್ತದೆ. ಮೂರರಲ್ಲಿ ಒಂದು ಪಾಲು ಕೆಲಸ ಅಲ್ಲೇ ಹೋಯಿತು.

ಈಗ ಚಕ್ಕೆಯ ದಪ್ಪ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಏಕೆಂದರೆ ಇಡೀ ಗುಟ್ಟು ಇಲ್ಲಿದೆ.

ಚೈನಿನ ಒಂದು ಹಲ್ಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ. ಅದರಲ್ಲಿ ಎರಡು ಭಾಗ ಕಾಣುತ್ತವೆ. ಹಿಂದೆ ಕೊಯ್ಯುವ ಹಲ್ಲು, ಮನೆಯ ಮಾಡಿನ ಹಾಗೆ ಮಡಚಿದ್ದು. ಮುಂದೆ ಒಂದು ಗುಂಡನೆಯ ಮೊಳಕೆ, ಶಾರ್ಕ್ ಮೀನಿನ ಬೆನ್ನ ರೆಕ್ಕೆಯ ಆಕಾರದ್ದು. ಅದಕ್ಕೆ ರೇಕರ್ ಎನ್ನುತ್ತಾರೆ, ಡೆಪ್ತ್ ಗೇಜ್ ಎಂದೂ ಕರೆಯುತ್ತಾರೆ. ಅದು ಏನನ್ನೂ ಕೊಯ್ಯುವುದಿಲ್ಲ. ಹಿಂದಿನ ಹಲ್ಲು ಎಷ್ಟು ಆಳಕ್ಕೆ ಹೋಗಬಹುದು ಎಂದು ತಡೆಯುವುದಷ್ಟೇ ಅದರ ಕೆಲಸ. ಬಡಿಗೇರರ ರಂದಾ ನೋಡಿದ್ದೀರಲ್ಲ? ಅದರ ತಳದಿಂದ ಉಳಿ ಎಷ್ಟು ಹೊರಗೆ ಇಣುಕುತ್ತದೋ ಅಷ್ಟೇ ದಪ್ಪದ ಸಿಪ್ಪೆ ಏಳುತ್ತದೆ. ರೇಕರ್ ಅಂದರೆ ಆ ರಂದಾದ ತಳ. ರೇಕರ್ ಹಲ್ಲಿಗಿಂತ ಎಷ್ಟು ಕೆಳಗಿದೆ ಎನ್ನುವುದರ ಮೇಲೆ ಚಕ್ಕೆಯ ದಪ್ಪ ನಿಂತಿದೆ. ಬಹಳಷ್ಟು ಚೈನಿಗೆ ಈ ವ್ಯತ್ಯಾಸ 0.65 ಮಿಲಿಮೀಟರ್ ಆಸುಪಾಸು ಇರುತ್ತದೆ.

ಈ ಹಲ್ಲಿನ ಆಕಾರ ಎಲ್ಲಿಂದ ಬಂತು ಎಂಬ ಕತೆ ನನಗೆ ತುಂಬಾ ಇಷ್ಟ. 1946ರಲ್ಲಿ ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಜೋಸೆಫ್ ಕಾಕ್ಸ್ ಎಂಬ ಮರ ಕಡಿಯುವವನು ಕಟ್ಟಿಗೆ ಒಡೆಯುತ್ತಿದ್ದಾಗ ಒಂದು ಬೊಡ್ಡೆಯಲ್ಲಿ ದುಂಬಿಯ ಮರಿಹುಳು ಮರ ಕೊರೆಯುತ್ತಿರುವುದನ್ನು ಕಂಡ. ಎಳೆಯನ್ನು ಅಡ್ಡ ಸೀಳಿಕೊಂಡೂ ಉದ್ದ ಸೀಳಿಕೊಂಡೂ ಅದು ಸಲೀಸಾಗಿ ಹೋಗುತ್ತಿತ್ತು. ಅದರ ದವಡೆ ಅಂಗ್ರೇಜಿಯ 'ಸಿ' ಅಕ್ಷರದಂತಿತ್ತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕಚ್ಚುತ್ತಿತ್ತು. ಆತ ಅದೇ ಆಕಾರದಲ್ಲಿ ಉಕ್ಕಿನ ಹಲ್ಲು ಮಾಡಿದ. ಅದಕ್ಕೂ ಮೊದಲಿನ ಚೈನುಗಳಲ್ಲಿ ಕೈಗರಗಸದ ಹಾಗೆ ಕೆರೆಯುವ ಹಲ್ಲು ಇರುತ್ತಿದ್ದವು. ಇಂದಿಗೂ ನಮ್ಮ ಚೈನಿನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಹಲ್ಲು ಬಲಕ್ಕೆ ಇರುವುದು ಆ ಹುಳುವಿನಿಂದ ಬಂದದ್ದು.

ಸರಿ, ಹಲ್ಲು ಕಟ್ಟಿಗೆಯೊಳಗೆ ಹೋಗುವುದು ಹೇಗೆ? ನಾವು ಮೇಲಿಂದ ಒತ್ತುವುದರಿಂದ ಅಂದುಕೊಂಡಿದ್ದೆ. ನಿಜವಾಗಿ ಅದು ತಾನೇ ಹೋಗುತ್ತದೆ. ನಮ್ಮ ಕುಂಟೆಯನ್ನು ನೆನಪಿಸಿಕೊಳ್ಳಿ. ಕುಡ ಸರಿಯಾದ ಓರೆಯಲ್ಲಿ ಕೂತಿದ್ದರೆ ಎತ್ತು ಎಳೆದ ಹಾಗೆಲ್ಲ ಅದು ಮಣ್ಣಿಗೆ ಇಳಿಯುತ್ತದೆ. ಓರೆ ತಪ್ಪಿದರೆ, ಕುಡ ಮೊಂಡಾದರೆ, ಮೇಲೆ ಕಲ್ಲು ಹೇರಬೇಕು, ಆಳು ನಿಲ್ಲಬೇಕು. ಆಗಲೂ ಎತ್ತು ದಣಿಯುತ್ತದೆಯೇ ಹೊರತು ಹೊಲ ಹಸನಾಗುವುದಿಲ್ಲ. ಚೈನಿನ ಹಲ್ಲೂ ಹಾಗೆಯೇ. ಅಂಚು ಕಟ್ಟಿಗೆಗೆ ತಾಗಿದ ಕೂಡಲೇ ಹಲ್ಲು ಸ್ವಲ್ಪ ಹಿಂದಕ್ಕೆ ವಾಲುತ್ತದೆ, ಬಾರ್‌ನಿಂದ ಕೂದಲೆಳೆಯಷ್ಟು ಮೇಲೆದ್ದು ಕಟ್ಟಿಗೆಯೊಳಗೆ ನುಗ್ಗುತ್ತದೆ. ಚೈನಿನ ಎಳೆತ ಅದನ್ನು ಮತ್ತೆ ಬಾರ್‌ಗೆ ಎಳೆದುಕೊಳ್ಳುತ್ತದೆ. ಕೌದಿ ಹೊಲಿಯುವ ಸೂಜಿಯ ಹಾಗೆ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ. ಚೈನನ್ನು ಅತಿ ಬಿಗಿ ಮಾಡಿದರೆ ಈ ಏರಿಳಿತಕ್ಕೆ ಜಾಗವೇ ಇರುವುದಿಲ್ಲ.

ಇಲ್ಲಿಗೆ ಬಂದರೆ ರೇಕರ್ ಬಗ್ಗೆ ಇನ್ನೊಂದು ಮಾತು ತಿಳಿಯುತ್ತದೆ. 0.65 ಮಿಲಿಮೀಟರ್ ಎಂಬ ಒಂದೇ ಅಂಕಿ ಚೈನಿನ ಆಯುಷ್ಯಪೂರ್ತಿ ಸಾಕಾಗುವುದಿಲ್ಲ. ಏಕೆ ಅಂತ ನೋಡಿ. ಹಲ್ಲಿನ ಅಂಚಿನಿಂದ ರೇಕರ್ ತುದಿಗೆ ಒಂದು ದಾರ ಕಟ್ಟಿದಂತೆ ಅಂದುಕೊಳ್ಳಿ. ಆ ದಾರ ಮುಂದಕ್ಕೆ ಇಳಿಜಾರಾಗಿರುತ್ತದೆ. ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ಹೇಳುವುದು ಈ ಇಳಿಜಾರು. ಹೊಸ ಹಲ್ಲಿನಲ್ಲಿ ಅಂಚಿಗೂ ರೇಕರ್‌ಗೂ ಸುಮಾರು 6 ಮಿಲಿಮೀಟರ್ ದೂರ ಎಂದಿಟ್ಟುಕೊಳ್ಳಿ. 0.65 ತಗ್ಗು ಇದ್ದರೆ ಇಳಿಜಾರು ಸುಮಾರು 6 ಡಿಗ್ರಿ. ಹಲ್ಲನ್ನು ಮಸೆದು ಮಸೆದು ಅಂಚು ಹಿಂದಕ್ಕೆ ಹೋಗುತ್ತದೆ, ದೂರ 10 ಮಿಲಿಮೀಟರ್ ಆಗುತ್ತದೆ. ಆಗಲೂ ತಗ್ಗು 0.65 ಇಟ್ಟರೆ ಇಳಿಜಾರು 4 ಡಿಗ್ರಿಗೂ ಕಡಿಮೆ. ಹಲ್ಲು ಕನ್ನಡಿಯಂತೆ ಹರಿತವಾಗಿದ್ದರೂ ಕಟ್ಟಿಗೆಯ ಮೇಲೆ ಜಾರುತ್ತದೆ. "ಚೈನ್ ಹಳೇದಾತು, ಎಷ್ಟ ಮಸದ್ರೂ ಅಷ್ಟ" ಎಂದು ಎಸೆಯುತ್ತಾರಲ್ಲ, ಅಂಥ ಎಷ್ಟೋ ಚೈನುಗಳಲ್ಲಿ ಇನ್ನೂ ಅರ್ಧ ಹಲ್ಲು ಬಾಕಿ ಇರುತ್ತದೆ. ಇಳಿಜಾರು ಕಳೆದುಹೋಗಿರುತ್ತದೆ, ಅಷ್ಟೆ.

ನೆನಪಿಡಲು ಸುಲಭವಾದ ಲೆಕ್ಕ ಹತ್ತಕ್ಕೆ ಒಂದು. ಅಂಚಿಗೂ ರೇಕರ್‌ಗೂ 6 ಮಿಲಿಮೀಟರ್ ದೂರವಿದ್ದರೆ ತಗ್ಗು 0.6. ದೂರ 8 ಆದರೆ ತಗ್ಗು 0.8. ದೂರ 10 ಆದರೆ ತಗ್ಗು 1. ಒಣಗಿದ ಹುಣಸೆ, ಒಣಗಿದ ಜಾಲಿಯಂಥ ಗಟ್ಟಿ ಕಟ್ಟಿಗೆಗೆ ಅದಕ್ಕಿಂತ ತುಸು ಕಡಿಮೆ ಇಡಿ. ಹಸಿ ನೀಲಗಿರಿ, ಮಾವಿನ ಟೊಂಗೆಗೆ ಪೂರ್ತಿ ಹತ್ತಕ್ಕೊಂದು ನಡೆಯುತ್ತದೆ. ಅಳೆಯುವುದಕ್ಕೆ ದೊಡ್ಡ ಸಾಮಾನು ಬೇಡ. ಅಕ್ಕಪಕ್ಕದ ಹಲ್ಲುಗಳ ಮೇಲೆ ಉಕ್ಕಿನ ಸ್ಕೇಲ್ ಇಟ್ಟು, ಅದರ ಕೆಳಗೆ ರೇಕರ್ ಮೇಲಿನ ಸಂದಿಗೆ ಫಿಲ್ಲರ್ ಗೇಜ್ ತೂರಿಸಿ ನೋಡಿ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ಎಲೆಗಳ ಕಟ್ಟು ಅದೇ. ಅಂಗಡಿಯಲ್ಲಿ ಇದಕ್ಕೆಂದೇ ಸಣ್ಣ ತಗಡು ಸಿಗುತ್ತದೆ. ಒಂದು ತುದಿ ಹಲ್ಲಿನ ಮೇಲೆ, ಇನ್ನೊಂದು ತುದಿ ಮುಂದಿನ ಕೊಂಡಿಗಳ ಮೇಲೆ ಕೂರುವ ಬಗೆಯದನ್ನು ಕೇಳಿ ತನ್ನಿ. ಹಲ್ಲು ಸವೆದ ಹಾಗೆ ಅದು ತಾನೇ ತಗ್ಗನ್ನು ಹೆಚ್ಚಿಸಿ ತೋರಿಸುತ್ತದೆ. ಅದರಲ್ಲಿ ಮೆತ್ತನೆ ಕಟ್ಟಿಗೆಗೆ, ಗಟ್ಟಿ ಕಟ್ಟಿಗೆಗೆ ಬೇರೆ ಬೇರೆ ಸಂದಿ ಇರುತ್ತವೆ.

ಇದನ್ನು ತಿಳಿದ ಮೊದಲ ವಾರವೇ ನಾನು ದೊಡ್ಡ ತಪ್ಪು ಮಾಡಿದೆ. ರೇಕರ್ ತಗ್ಗಿಸಿದರೆ ಬೇಗ ಕೊಯ್ಯುತ್ತದೆ ಎಂದಾದ ಮೇಲೆ ಇನ್ನೂ ತಗ್ಗಿಸಿದರೆ ಇನ್ನೂ ಬೇಗ ತಾನೇ ಎಂದು ಅಳತೆಯೇ ಇಲ್ಲದೆ ಚಪ್ಪಟೆ ಅರ ಹಿಡಿದು ಎಲ್ಲ ರೇಕರ್‌ಗಳನ್ನೂ ಉಜ್ಜಿದೆ. ಹುಣಸೆ ದಿಮ್ಮಿಗೆ ಇಟ್ಟ ಕೂಡಲೇ ಮಷಿನ್ ಕೈಯಿಂದ ಕಿತ್ತುಕೊಂಡು ಮುಂದಕ್ಕೆ ನೆಗೆಯಿತು, ಗಬಕ್ಕನೆ ಕಚ್ಚಿ ನಿಂತುಬಿಟ್ಟಿತು. ಪ್ರತಿ ಹಲ್ಲು ಎಂಜಿನ್ನಿನ ಶಕ್ತಿಗೆ ಮೀರಿದ ಚಕ್ಕೆ ಎಬ್ಬಿಸಲು ಹೋಗುತ್ತಿತ್ತು. ಚಕ್ಕೆಯ ದಪ್ಪ ಹೆಚ್ಚಾಯಿತು, ಹಲ್ಲಿನ ಎಣಿಕೆ ಬಿದ್ದುಹೋಯಿತು. ಅದಕ್ಕಿಂತ ಭಯದ ಸಂಗತಿ ಬೇರೆ ಇದೆ. ರೇಕರ್ ತಗ್ಗಾದಷ್ಟು ಕಿಕ್‌ಬ್ಯಾಕ್ ಜಾಸ್ತಿ. ಬಾರ್ ತುದಿಯ ಮೇಲಿನ ಅರ್ಧ ಯಾವುದಕ್ಕಾದರೂ ತಾಗಿದರೆ ಇಡೀ ಗರಗಸ ಮುಖದ ಕಡೆಗೆ ಚಿಮ್ಮುತ್ತದೆ. ತಪ್ಪಿಸಿಕೊಳ್ಳಲು ಹೊತ್ತೇ ಸಿಗುವುದಿಲ್ಲ. ಉಜ್ಜಿದ ರೇಕರನ್ನು ಮತ್ತೆ ಬೆಳೆಸಲು ಬರುವುದಿಲ್ಲ. ಹಲ್ಲನ್ನೇ ಹಿಂದಕ್ಕೆ ಮಸೆದು ಲೆಕ್ಕ ಸರಿಮಾಡಬೇಕು. ನಾನು ಒಂದು ಸಂಜೆ ಪೂರ್ತಿ ಕೂತು ಅದನ್ನೇ ಮಾಡಿದೆ. ಇನ್ನೊಂದು ಮಾತು: ರೇಕರ್ ತಗ್ಗಿಸಿದ ಮೇಲೆ ಅದರ ಮುಂದಿನ ಮೂಲೆಯನ್ನು ಮೊದಲಿದ್ದ ಹಾಗೆ ದುಂಡಗೆ ಮಾಡಿ. ಚೂಪು ಬಿಟ್ಟರೆ ಅದು ಕಟ್ಟಿಗೆಯ ಮೇಲೆ ಜಾರುವ ಬದಲು ತಿವಿಯುತ್ತದೆ.

ಈಗ ಕೈಯ ಒತ್ತಡಕ್ಕೆ ಬರೋಣ. ಹಲ್ಲು ಹರಿತ, ಇಳಿಜಾರು ಸರಿ ಇದ್ದರೆ ಮಷಿನ್‌ನ ಸ್ವಂತ ತೂಕವೇ ಹೆಚ್ಚುಕಡಿಮೆ ಸಾಕು. ಅದರ ಮೇಲೆ ಒತ್ತಿದರೆ ಏನಾಗುತ್ತದೆ? ಹಲ್ಲು ರೇಕರ್ ಬಿಟ್ಟಷ್ಟು ಆಳ ಹೋಗಿ ನಿಲ್ಲುತ್ತದೆ. ಹೆಚ್ಚಿನ ಒತ್ತಡವೆಲ್ಲ ರೇಕರ್ ಕಟ್ಟಿಗೆಗೆ ಉಜ್ಜುವುದರಲ್ಲಿ, ಚೈನ್ ಬಾರ್‌ಗೆ ಉಜ್ಜುವುದರಲ್ಲಿ ಬಿಸಿಯಾಗಿ ಹೋಗುತ್ತದೆ. ಎಂಜಿನ್ ಸುತ್ತು ಕುಸಿಯುತ್ತದೆ. ಈ ಎರಡು ಸ್ಟ್ರೋಕಿನ ಎಂಜಿನ್‌ಗಳು ಖಾಲಿ ಓಡುವಾಗ ನಿಮಿಷಕ್ಕೆ 12,000 ಸುತ್ತು ದಾಟಬಹುದು. ಅವುಗಳ ಪೂರ್ತಿ ಶಕ್ತಿ ಸಿಗುವುದು ಸಾಮಾನ್ಯವಾಗಿ 9000 ಆಸುಪಾಸಿನಲ್ಲಿ. ಹಾಗಾಗಿ ಥ್ರಾಟಲ್ ಪೂರ್ತಿ ಹಿಡಿದು, ಎಂಜಿನ್ ಕೂಗು ಸ್ವಲ್ಪ ಇಳಿದು ಒಂದೇ ಸಮ ನಿಲ್ಲುವಷ್ಟು ಭಾರ ಕೊಡಬೇಕು. ಕಿವಿಯೇ ಇಲ್ಲಿ ಮೀಟರ್. ಕೂಗು ಏರುತ್ತಿದ್ದರೆ ಇನ್ನೊಂದು ಚೂರು ಭಾರ ಕೊಡಬಹುದು. ನರಳಲು ಶುರು ಮಾಡಿದರೆ ಕೈ ಹಗುರ ಮಾಡಿ. ಒತ್ತಿ ಒತ್ತಿ ಸುತ್ತು ತೀರಾ ಇಳಿದರೆ ಕ್ಲಚ್ ಜಾರುತ್ತದೆ, ಕಾದು ಕೆಂಪಾಗುತ್ತದೆ, ಪಕ್ಕದ ಪ್ಲಾಸ್ಟಿಕ್ ಕರಗುತ್ತದೆ. ಅರ್ಧ ಥ್ರಾಟಲ್‌ನಲ್ಲಿ ಕೊಯ್ಯುವುದೂ ಅದೇ ದಾರಿ. ಪೆಟ್ರೋಲ್ ಉಳಿತಾಯ ಎಂದು ಹಾಗೆ ಮಾಡುವವರನ್ನು ನೋಡಿದ್ದೇನೆ, ದಯವಿಟ್ಟು ಮಾಡಬೇಡಿ.

ದಪ್ಪ ದಿಮ್ಮಿಗೆ ಇನ್ನೊಂದು ಉಪಾಯ ಇದೆ. 0.325 ಚೈನಿನಲ್ಲಿ ಹಲ್ಲಿನಿಂದ ಹಲ್ಲಿಗೆ 33 ಮಿಲಿಮೀಟರ್. 40 ಸೆಂಟಿಮೀಟರ್ ದಪ್ಪದ ದಿಮ್ಮಿಯಲ್ಲಿ ಬಾರ್ ಅಡ್ಡ ಕೂತರೆ ಒಂದೇ ಸಲಕ್ಕೆ 12 ಹಲ್ಲು ಕಟ್ಟಿಗೆಯೊಳಗೆ ಇರುತ್ತವೆ. 20 ಸೆಂಟಿಮೀಟರ್ ಆದರೆ 6. ನೀವು ಕೊಡುವ ಭಾರ ಅಷ್ಟೇ, ಹಂಚಿಕೊಳ್ಳುವವರು ದುಪ್ಪಟ್ಟು. ಆದ್ದರಿಂದ ಪ್ರತಿ ಹಲ್ಲಿಗೆ ಸಿಗುವ ಪಾಲು ಅರ್ಧ, ಚಕ್ಕೆಯೂ ತೆಳು. ಮಷಿನ್ ಮುಂಭಾಗದ ಉಕ್ಕಿನ ಮುಳ್ಳುಗಳನ್ನು ದಿಮ್ಮಿಗೆ ಊರಿ, ಹಿಂದಿನ ಹಿಡಿಯನ್ನು ನಿಧಾನಕ್ಕೆ ಎತ್ತಿ ಇಳಿಸಿ ಬಾರನ್ನು ತೂಗಿಸಿದರೆ ಒಮ್ಮೆಗೆ ಕಡಿಮೆ ಹಲ್ಲು ಕಟ್ಟಿಗೆಗೆ ತಾಗುತ್ತವೆ. ಆಚೆ ಬದಿ ಸ್ವಲ್ಪ, ಈಚೆ ಬದಿ ಸ್ವಲ್ಪ. ತೋಳು ಬೆವರುವುದಿಲ್ಲ, ಸನ್ನೆಗೋಲಿನ ಹಾಗೆ ಮುಳ್ಳೇ ಕೆಲಸ ಮಾಡುತ್ತದೆ. ಇದೇ ಲೆಕ್ಕದಿಂದ ಇನ್ನೊಂದು ಮಾತೂ ಬರುತ್ತದೆ. ಸಣ್ಣ ಎಂಜಿನ್ನಿಗೆ 22 ಇಂಚಿನ ಉದ್ದ ಬಾರ್ ಹಾಕಿಕೊಂಡು ಮೆರೆಯುವುದಕ್ಕಿಂತ 18 ಇಂಚಿನದು ನಮ್ಮ ಹೊಲದ ಕೆಲಸಕ್ಕೆ ಚೆನ್ನ. ಮಸೆಯಬೇಕಾದ ಹಲ್ಲೂ ಕಡಿಮೆ.

ಮಸೆಯುವುದನ್ನು ಯಾರಾದರೂ ಬಲ್ಲವರ ಹತ್ತಿರ ಕೂತು ಕಲಿಯುವುದು ಒಳ್ಳೆಯದು. ಮುಖ್ಯವಾದವಷ್ಟೇ ಹೇಳುತ್ತೇನೆ. ದುಂಡನೆಯ ಅರದ ಅಳತೆ ಚೈನಿಗೆ ಹೊಂದಬೇಕು. 0.325 ಚೈನಿಗೆ 4.8 ಮಿಲಿಮೀಟರ್, ಸಣ್ಣ ಮಷಿನ್‌ಗಳ 3/8 ಇಂಚು ಪಿಚ್ಚಿನ ಲೋ ಪ್ರೊಫೈಲ್ (ತಗ್ಗು ಹಲ್ಲಿನ) ಚೈನಿಗೆ 4 ಮಿಲಿಮೀಟರ್. ದೊಡ್ಡ 3/8 ಚೈನಿಗೆ ಮೊದಲು 5.5, ಹಲ್ಲು ಅರ್ಧ ಸವೆದ ಮೇಲೆ 5.2. ಅರದ ಐದರಲ್ಲಿ ಒಂದು ಪಾಲು ಹಲ್ಲಿನ ಮೇಲ್ಮಟ್ಟಕ್ಕಿಂತ ಮೇಲಿರಬೇಕು. ಅರ ಅದಕ್ಕಿಂತ ಕೆಳಗೆ ಹೋದರೆ ಅಂಚು ಕೊಕ್ಕೆಯಂತೆ ತೆಳ್ಳಗಾಗಿ ಬೇಗ ಮುರಿಯುತ್ತದೆ. ಮೇಲೆ ಹೋದರೆ ಅಂಚು ಹಿಂದಕ್ಕೆ ಒರಗಿ ಕಚ್ಚುವುದೇ ಇಲ್ಲ. ಓರೆ ಸಾಮಾನ್ಯವಾಗಿ 30 ಡಿಗ್ರಿ. ಗಟ್ಟಿ ಕಟ್ಟಿಗೆಗೆ 25. ಅದರ ಗುರುತಿನ ಗೆರೆ ಬಹಳಷ್ಟು ಹಲ್ಲುಗಳ ಮೇಲೆಯೇ ಕೊರೆದಿರುತ್ತದೆ. ಅರವನ್ನು ಒಳಗಿನಿಂದ ಹೊರಗೆ ಒಂದೇ ದಿಕ್ಕಿಗೆ ತಳ್ಳಿ, ವಾಪಸ್ ತರುವಾಗ ಎತ್ತಿ ತನ್ನಿ. ಕೈಗೆ ಗ್ಲೌಸ್ ಇರಲಿ, ಮಷಿನ್ ಬಂದ್ ಇರಲಿ.

ಹೊಳಪು ನೋಡಿ ಮೋಸ ಹೋಗಬೇಡಿ. ಹಲ್ಲಿನ ಹೊರಮೈಗೆ ತೆಳುವಾದ ಕ್ರೋಮ್ ಲೇಪ ಇರುತ್ತದೆ. ಕಟ್ಟಿಗೆಯನ್ನು ಕೊಯ್ಯುವುದು ಆ ಗಟ್ಟಿ ಕ್ರೋಮ್ ಅಂಚು, ಒಳಗಿನ ಉಕ್ಕು ಅದಕ್ಕೆ ಆಸರೆ. ಹಲ್ಲು ಕಲ್ಲಿಗೆ ತಾಗಿ ಮೂಲೆಯ ಕ್ರೋಮ್ ಹಾರಿದ್ದರೆ, ಕ್ರೋಮ್ ಮತ್ತೆ ಅಂಚಿನವರೆಗೆ ಬರುವ ತನಕ ಹಿಂದಕ್ಕೆ ಮಸೆಯಲೇಬೇಕು. ಮೂಲೆಯನ್ನು ಬಿಸಿಲಿಗೆ ಹಿಡಿಯಿರಿ. ಬಿಳಿ ಚುಕ್ಕೆ ಮಿಂಚಿದರೆ ಅಲ್ಲಿ ಇನ್ನೂ ಮೊಂಡಿದೆ. ಸರಿಯಾದ ಅಂಚು ಬೆಳಕನ್ನು ವಾಪಸ್ ಕೊಡುವುದಿಲ್ಲ.

ಕೊಯ್ತ ನೆಟ್ಟಗೆ ಇಳಿಯದೆ ಒಂದು ಬದಿಗೆ ಡೊಂಕಾಗುತ್ತಿದ್ದರೆ ಎಡದ ಹಲ್ಲಿಗೂ ಬಲದ ಹಲ್ಲಿಗೂ ಹೊಂದಾಣಿಕೆ ತಪ್ಪಿದೆ. ಬಲಗೈಯವರಿಗೆ ಒಂದು ಬದಿ ಸಲೀಸು, ಇನ್ನೊಂದು ಬದಿ ತೊಡಕು, ಅದಕ್ಕೇ ಹೀಗಾಗುವುದು ಜಾಸ್ತಿ. ಎಳೆತ ಎಣಿಸಿ ಮಸೆಯಿರಿ, ಆ ಬದಿಗೆ ಮೂರಾದರೆ ಈ ಬದಿಗೂ ಮೂರು. ಆಮೇಲೂ ಡೊಂಕು ಹೋಗದಿದ್ದರೆ ಬಾರ್‌ನ ಎರಡು ಅಂಚಿನಲ್ಲಿ ಒಂದು ಸವೆದು ತಗ್ಗಾಗಿರುತ್ತದೆ. ಬಾರನ್ನು ಆಗಾಗ ತಿರುವಿ ಹಾಕುತ್ತಿದ್ದರೆ ಈ ತೊಂದರೆ ತಡವಾಗಿ ಬರುತ್ತದೆ.

ಮಣ್ಣಿನ ವಿಷಯ ಹೇಳಲೇಬೇಕು. ಬಳ್ಳಾರಿ ಜಾಲಿಯ ಬುಡ ಇರಲಿ, ಬದುವಿನ ಬೇವಿರಲಿ, ತೊಗಟೆಯ ಸಂದಿಯಲ್ಲಿ ಎರೆಮಣ್ಣು, ಮಸಾರಿಯ ಮರಳು ತುಂಬಿರುತ್ತದೆ. ಆ ಮರಳೇ ಅಂಚಿಗೆ ಅರ ಹಾಕುತ್ತದೆ. ಮೊದಲು ಕೊಡಲಿಯಿಂದ ಕೊಯ್ಯುವ ಜಾಗದ ತೊಗಟೆ ಕೆತ್ತಿ. ಚೈನ್ ನೆಲಕ್ಕೆ ಒಂದು ಸಲ ತಾಗಿದರೆ ಏನಾದೀತು ಅನ್ನಿಸಬಹುದು. ಮೇಲಿನ ಲೆಕ್ಕವನ್ನೇ ತೆಗೆದುಕೊಳ್ಳಿ: ಸೆಕೆಂಡಿಗೆ 525 ಹಲ್ಲು. ಚೈನಿನಲ್ಲಿ ಇರುವುದು 36 ಹಲ್ಲು ಅಂದುಕೊಂಡರೆ ಸೆಕೆಂಡಿನ ಹದಿನಾಲ್ಕನೇ ಒಂದು ಪಾಲಿನಲ್ಲಿ ಎಲ್ಲವೂ ಮಣ್ಣು ಮುಟ್ಟಿ ಬಂದಿರುತ್ತವೆ. ಅಂಥ ಕೆಲಸವೇ ಜಾಸ್ತಿ ಇದ್ದರೆ ಚೂಪು ಮೂಲೆಯ ಚೈನ್ ಬೇಡ, ದುಂಡು ಮೂಲೆಯ ಸೆಮಿ ಚಿಸೆಲ್ ಚೈನ್ ಹಾಕಿ. ಸ್ವಚ್ಛ ಕಟ್ಟಿಗೆಯಲ್ಲಿ ಅದು ಸ್ವಲ್ಪ ನಿಧಾನ. ಧೂಳಿನ ಕಟ್ಟಿಗೆಯಲ್ಲಿ ಅದರ ಹರಿತ ಹೆಚ್ಚು ಹೊತ್ತು ಬಾಳುತ್ತದೆ, ಹಾಗಾಗಿ ದಿನದ ಕೊನೆಗೆ ಅದೇ ಮುಂದೆ.

ಎಣ್ಣೆಗೆ ನಮ್ಮ ಕಡೆ ಟ್ರ್ಯಾಕ್ಟರಿನ ಸುಟ್ಟ ಆಯಿಲ್ ಹಾಕುವ ರೂಢಿ ಇದೆ. ಅದರಲ್ಲಿ ಲೋಹದ ಪುಡಿ ಇರುತ್ತದೆ, ಪಂಪನ್ನೂ ಬಾರನ್ನೂ ತಿನ್ನುತ್ತದೆ. ಹಾರಿದ ಹನಿ ಮೈಮೇಲೆ, ಹೊಲದ ಮೇಲೆ ಬೀಳುತ್ತದೆ. ಬಾರ್ ಆಯಿಲ್ ಸಿಗದಿದ್ದರೆ ಹೊಸ ಎಂಜಿನ್ ಆಯಿಲ್ ಹಾಕಿ, ಅದೂ ವಾಸಿ. ಕೆಲಸ ಶುರು ಮಾಡುವ ಮೊದಲು ಬಾರ್ ತುದಿಯನ್ನು ಒಂದು ರಟ್ಟಿನ ಹತ್ತಿರ, ತಾಗದಂತೆ, ಹಿಡಿದು ಥ್ರಾಟಲ್ ಕೊಡಿ. ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಮೂಡದಿದ್ದರೆ ಬಾರ್‌ನ ತೂತು, ಕಾಲುವೆ ಕಟ್ಟಿಕೊಂಡಿವೆ. ಸ್ಪ್ರಾಕೆಟ್ ಅನ್ನು ಎರಡು ಚೈನಿಗೆ ಒಮ್ಮೆ ಬದಲಿಸಿ. ಸವೆದ ಸ್ಪ್ರಾಕೆಟ್ ಹೊಸ ಚೈನನ್ನೂ ಕೆಡಿಸುತ್ತದೆ.

ಆ ಹುಣಸೆ ಮರದ ಬೊಡ್ಡೆಯ ತುಂಡು ವರ್ಷದ ಮೇಲೂ ಬದುವಿನಲ್ಲೇ ಬಿದ್ದಿತ್ತು, ಒಣಗಿ ಇನ್ನೂ ಗಟ್ಟಿಯಾಗಿ. ಈ ಬೇಸಿಗೆಯಲ್ಲಿ ಅದನ್ನು ಮುಗಿಸಿದೆ. ಹತ್ತು ಕೊಯ್ತಕ್ಕೆ ಒಮ್ಮೆ ಕೂತು, ಹಲ್ಲಿಗೆ ಎರಡೆರಡು ಎಳೆತ ಮಸೆದು, ಮತ್ತೆ ಎದ್ದು ಕೊಯ್ದೆ. ಮೊಂಡಾದ ಮೇಲೆ ಮಸೆಯುವುದಕ್ಕಿಂತ ಮೊಂಡಾಗುವ ಮೊದಲೇ ಮಸೆದರೆ ಹಲ್ಲೂ ಕಡಿಮೆ ಸವೆಯುತ್ತದೆ. ಕಾಕಾ ಈ ಸಲವೂ ಬಂದು ನಿಂತಿದ್ದರು. ಕೆಳಗೆ ಬೀಳುತ್ತಿದ್ದ ಚಕ್ಕೆಯನ್ನು ಬೊಗಸೆಯಲ್ಲಿ ಎತ್ತಿ ನೋಡಿದರು. "ಒಲಿಗೆ ಛಲೋ ಆಕ್ಕತಿ, ಒಂದ ಚೀಲ ತುಂಬಿಕೊಡು" ಅಂದರು.

ಸಂಜೆ ಮಷಿನ್ ಒಳಗಿಡುವ ಮೊದಲು ಚೈನನ್ನು ಸಡಿಲ ಮಾಡಿಟ್ಟೆ. ಕೆಲಸದಲ್ಲಿ ಕಾದು ಉದ್ದವಾದ ಚೈನನ್ನು ನಾವು ನಡುನಡುವೆ ಬಿಗಿ ಮಾಡಿರುತ್ತೇವೆ. ಹಾಗೇ ಬಿಟ್ಟರೆ ರಾತ್ರಿ ತಣ್ಣಗಾಗಿ ಕುಗ್ಗಿ ಬಾರನ್ನೂ ಎಂಜಿನ್ ಬೇರಿಂಗನ್ನೂ ಎಳೆಯುತ್ತದೆ. ಬೆಳಿಗ್ಗೆ ಮತ್ತೆ ಬಿಗಿ ಮಾಡಿಕೊಂಡರಾಯಿತು: ಬಾರ್‌ನ ಕೆಳಬದಿಗೆ ಅಂಟಿರಬೇಕು, ಗ್ಲೌಸ್ ಹಾಕಿದ ಕೈಯಿಂದ ಎಳೆದರೆ ಸಲೀಸಾಗಿ ಸರಿಯಬೇಕು, ಅಷ್ಟು.